ತೇಗ ಎಷ್ಟು ನೀರು ಎಳೆಯುತ್ತದೆ: ಬರೀ ಸುತ್ತಳತೆ ಸಾಲದು

ಮೂಡಿಗೆರೆ ಕಡೆ ಯಾವ ತೋಟದವರನ್ನು ಕೇಳಿದರೂ ದಪ್ಪ ಮರ ಜಾಸ್ತಿ ನೀರು ಎಳೆಯುತ್ತದೆ ಅಂತಾರೆ. ಸರಿ, ಎಷ್ಟು ಜಾಸ್ತಿ? ನಮ್ಮ ಬೇಲಿ ಸಾಲಿನ ತೇಗದಲ್ಲಿ ಅದನ್ನೇ ಅಳೆದೆ.

ಬಳಸಿದ್ದು ಫ್ರಾನ್ಸಿನ ಆಂದ್ರೆ ಗ್ರೇನಿಯರ್ 1985ರಲ್ಲಿ ಪ್ರಕಟಿಸಿದ ವಿಧಾನ. 2 ಸೆಂ.ಮೀ. ಉದ್ದದ ಎರಡು ಸೂಜಿಗಳನ್ನು ಎದೆಮಟ್ಟದಲ್ಲಿ, ಒಂದರ ಕೆಳಗೊಂದು, 10–15 ಸೆಂ.ಮೀ. ಅಂತರದಲ್ಲಿ ಕೂರಿಸಬೇಕು. ಮೇಲಿನದಕ್ಕೆ ಬ್ಯಾಟರಿಯಿಂದ ಸಣ್ಣಗೆ ಕಾವು, ಕೆಳಗಿನದಕ್ಕೆ ಏನೂ ಇಲ್ಲ. ನೀರು ಜೋರಾಗಿ ಏರಿದಷ್ಟೂ ಕಾವನ್ನು ಎತ್ತಿಕೊಂಡು ಹೋಗುತ್ತದೆ, ಎರಡು ಸೂಜಿಗಳ ನಡುವಿನ ಉಷ್ಣತೆಯ ವ್ಯತ್ಯಾಸ ಇಳಿಯುತ್ತದೆ. ಬೆಳಗಿನ ಜಾವದ ವ್ಯತ್ಯಾಸವನ್ನು ಸೊನ್ನೆ ಹರಿವು ಅಂತ ಹಿಡಿಯುತ್ತೇವೆ. ಸೂಜಿಗಳ ಮೇಲೆ ಬೆಳ್ಳಿ ಬಣ್ಣದ ಹಾಳೆ ಸುತ್ತಲೇಬೇಕು, ಇಲ್ಲದಿದ್ದರೆ ಬಿಸಿಲನ್ನು ಅಳೆದಂತಾಗುತ್ತದೆ.

ಇದರಿಂದ ಸಿಗುವುದು ವೇಗ ಮಾತ್ರ. ಲೀಟರ್ ಲೆಕ್ಕ ಬೇಕಾದರೆ ನೀರು ಹರಿಯುವ ಜಾಗ ಎಷ್ಟು ಅಂತ ಗೊತ್ತಿರಬೇಕು. ಅನುಮತಿ ತಗೊಂಡು ಕಡಿಸಿದ ತೇಗದ ಬುಡ ನೋಡಿ: ಒಳಗೆ ಹೊಂಬಣ್ಣದ ಚೇಗು, ಸುತ್ತ ಬಿಳಿ ಉಂಗುರ. ನೀರು ಏರುವುದು ಆ ಬಿಳಿಯಲ್ಲಿ. ಗೆದ್ದಲು ಹಿಡಿಯುತ್ತದೆ ಅಂತ ಬಡಗಿ ಕೆತ್ತಿ ಎಸೆಯುತ್ತಾನಲ್ಲ, ಅದೇ ಭಾಗ. ಸೂಜಿಯ ತುದಿ ಚೇಗಿಗೆ ತಾಗಿದರೆ ಹರಿವು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಈಗ ಲೆಕ್ಕ ನೋಡಿ. ತೊಗಟೆ ಬಿಟ್ಟು 60 ಸೆಂ.ಮೀ. ಸುತ್ತಳತೆಯ ಒಂದು ಮರ, 120ರ ಇನ್ನೊಂದು. ಎರಡರಲ್ಲೂ ಬಿಳಿ ಭಾಗ 4 ಸೆಂ.ಮೀ. ಅಂದುಕೊಳ್ಳಿ. ಕಾಂಡದ ಅಡ್ಡ ಕೊಯ್ತ ನಾಲ್ಕು ಪಟ್ಟಾಗುತ್ತದೆ, ಆದರೆ ಬಿಳಿ ಉಂಗುರ ಸುಮಾರು 190ರಿಂದ 430 ಚದರ ಸೆಂ.ಮೀ.ಗೆ ಮಾತ್ರ ಏರುತ್ತದೆ, ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ.

ವೇಗವೂ ಎಲ್ಲ ಮರಕ್ಕೂ ಒಂದೇ ಅಲ್ಲ. ತಲೆ ಪೂರ್ತಿ ಬಿಸಿಲಿಗೆ ಬಿಟ್ಟ ದಪ್ಪ ಮರದಲ್ಲಿ ಬೆಳಿಗ್ಗೆಯೇ ಹರಿವು ಶುರು, ಅದರ ನೆರಳಲ್ಲಿ ಸೊರಗಿದ ಸಣ್ಣದು ತಡವಾಗಿ ಎದ್ದು ಬೇಗ ಸುಮ್ಮನಾಗುತ್ತದೆ. ಮಳೆಗಾಲದ ಮೋಡದಲ್ಲಿ ಇಬ್ಬರೂ ಮಂಕು. ಹಾಗಾಗಿ ನಡುವಿನ ಮರಗಳನ್ನು ಕಡಿಸಿದರೆ ನೀರು ಉಳಿಯಿತು ಅಂತ ತಕ್ಷಣ ಹೇಳಬೇಡಿ. ಉಳಿದವುಗಳ ತಲೆ ಹರಡಿದ ಮೇಲೆ ಅವು ಎಳೆಯುವುದೂ ಜಾಸ್ತಿಯಾಗುತ್ತದೆ, ಅಲ್ವಾ?

ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ತೇಗದಲ್ಲಿ, ದಪ್ಪ ಎಷ್ಟೇ ಇರಲಿ, ಹರಿವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಹೊತ್ತಲ್ಲಿ ಅದನ್ನು ಸುಮ್ನೆ ಬೈಯುತ್ತೇವೆ. ಕಾಫಿ ನಡುವಿನ ಸಿಲ್ವರ್ ಓಕ್ ಆಗಲೂ ಎಲೆ ಹೊತ್ತೇ ಇರುತ್ತದೆ. ಸೂಜಿಗಳನ್ನು ಈಗ ಅದಕ್ಕೆ ಹಾಕಿದ್ದೇನೆ.