ಸಿಮೆಂಟ್ ಕಿತ್ತ ಮೇಲೆ ಗೋಡೆ ಒಣಗಿತು

ಬಸವನಗುಡಿಯ ನಮ್ಮ ಹಳೇ ಮನೆಯ ಗೋಡೆ ಈ ಮಳೆಗಾಲದಲ್ಲೂ ಒಣಗಿಯೇ ಇತ್ತು. "ಕೆಡವಿ ಹೊಸದು ಕಟ್ಟಿ, ಸುಮ್ನೆ ಯಾಕೆ ದುಡ್ಡು ಸುರೀತೀರ?" ಅಂದವರು ಈಗ ಬಂದು ಗೋಡೆ ಮುಟ್ಟಿ ನೋಡಿ ಹೋಗುತ್ತಾರೆ.

ತಾತ ಕಟ್ಟಿಸಿದ್ದು, 1930ರ ದಶಕದ ಮನೆ. ಇಟ್ಟಿಗೆ, ಗಾರೆ, ಮರದ ಜಂತೆಗಳ ಮೇಲೆ ಇಟ್ಟಿಗೆ ಹಾಸಿದ ಮದ್ರಾಸ್ ತಾರಸಿ, ಕಿಟಕಿಗಳಿಗೆ ಮಂಕಿ ಟಾಪ್ ಅನ್ನುವ ಮರದ ಚೂಪು ಮಾಡು. ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಂದದ್ದು ಬಹಳ ತಡವಾಗಿ. ಅಲ್ಲಿಂದಲೇ ತೇವ ಶುರು. ಒಬ್ಬ ಕಂಟ್ರಾಕ್ಟರ್ ಹತ್ತಿರ ಹತ್ತಿರ ಎಂಬತ್ತು ಸಾವಿರ ತಗೊಂಡು ವಾಟರ್‌ಪ್ರೂಫ್ ಕೆಮಿಕಲ್ ಬಳಿದ. ಮುಂದಿನ ಮಳೆಗೆ ಮೊಣಕಾಲೆತ್ತರ ಇದ್ದ ತೇವ ಸೊಂಟದವರೆಗೆ ಬಂತು. ನೀರು ಪಾಯದಿಂದ ಏರುತ್ತಿತ್ತು. ಸಿಮೆಂಟು, ಕೆಮಿಕಲ್ಲು ತಡೆದು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮೇಲಕ್ಕೆ ಹೋಗುತ್ತೆ, ಅಲ್ವಾ?

ಇನ್ನೊಂದು ಕಾರಣ ಮನೆಯ ಪಕ್ಕದಲ್ಲೇ ಇತ್ತು. 1898ರ ಪ್ಲೇಗ್ ಹೊತ್ತಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಮಾಡಿದಾಗ ಮನೆ ಸುತ್ತ ಗಾಳಿ ಆಡಲೆಂದು ಜಾಗ ಬಿಟ್ಟರು, ಹಿಂದೆ ಕಕ್ಕಸಿನ ಹೊಲಸು ಸಾಗಿಸಲು ಕನ್ಸರ್ವೆನ್ಸಿ ಓಣಿ ಬಿಟ್ಟರು. ಆ ಮಣ್ಣಿನ ಜಾಗಕ್ಕೆಲ್ಲ ಈಗ ಕಾರಿಗೋಸ್ಕರ ಕಾಂಕ್ರೀಟ್. ನೆಲದ ತೇವಕ್ಕೆ ಉಳಿದದ್ದು ಗೋಡೆ ಒಂದೇ. ಹಾಗಾಗಿ ಮೊದಲು ಗೋಡೆಗುಂಟ ಎರಡಡಿ ಕಾಂಕ್ರೀಟ್ ಒಡೆಸಿ ಜಲ್ಲಿ ತುಂಬಿಸಿದೆ. ಇಡೀ ಕೆಲಸದಲ್ಲಿ ಅತಿ ಅಗ್ಗದ್ದು ಇದು, ಫಲ ಕೊಟ್ಟದ್ದು ಇದೇ ಜಾಸ್ತಿ.

ಆಮೇಲೆ ಸಿಮೆಂಟ್ ಪ್ಲಾಸ್ಟರ್ ಕಿತ್ತು ಒಂದಿಡೀ ಬೇಸಿಗೆ ಇಟ್ಟಿಗೆಯನ್ನು ಬರಿದೇ ಬಿಟ್ಟೆವು. ಬಿಳಿ ಉಪ್ಪು ಬಂದಾಗೆಲ್ಲ ಒಣ ಬ್ರಷ್‌ನಲ್ಲಿ ಉಜ್ಜಿದೆವು. ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತೆ. ಬೀದಿಯಲ್ಲಿ ನಮ್ಮ ಮನೆ ನೋಡಿ ಜನ ಮರುಗಿದ ಕಾಲ ಅದು.

ಸಿಮೆಂಟ್ ಬದಲು ಸುಣ್ಣದ ಗಾರೆ ಬಳಿಯಲು, ಚೀಲದ ಸುಣ್ಣದ ಪುಡಿಯಲ್ಲಿ ಹಿತ್ತಲ ಗೋಡೆಗೆ ಮೊದಲು ಮಾಡಿ ನೋಡಿದೆವು. ಕೈಯಾಡಿಸಿದರೆ ಉದುರಿತು. ಆಮೇಲೆ ಸುಟ್ಟ ಸುಣ್ಣದ ಕಲ್ಲು ತರಿಸಿ, ಗುಂಡಿಯಲ್ಲಿ ಅರಳಿಸಿ, ನೀರಿನಡಿ ತಿಂಗಳುಗಟ್ಟಲೆ ಇಟ್ಟೆವು. ಬೆಣ್ಣೆಯಂತಾಯಿತು. ಒಂದು ಪಾಲು ಸುಣ್ಣಕ್ಕೆ ಎರಡೂವರೆ, ಮೂರು ಪಾಲು ಮರಳು. ಕೆಳಗಿನ ಮೂರಡಿಗೆ ಇಟ್ಟಿಗೆ ಪುಡಿಯೂ ಸೇರಿತು. ಗಾರೆಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಬೆರೆಸುವುದು ಎಲ್ಲರಿಗೂ ಗೊತ್ತು. ಎಷ್ಟು, ಎಷ್ಟು ದಿನ ಹುಳಿಸಬೇಕು ಅನ್ನುವುದು ನಮ್ಮ ಮೇಸ್ತ್ರಿಯ ಸ್ವತ್ತು. ಅದನ್ನು ನಾನು ಹೇಳುವುದಿಲ್ಲ. "ಅವಸರ ಮಾಡ್ಬೇಡಿ ಸಾರ್, ಸೆಕೆಗೆ ಬೇಗ ಒಣಗಿದ್ರೆ ಬಿರುಕು ಬಿಡುತ್ತೆ" ಅಂತ ದಿನಾ ಒದ್ದೆ ಗೋಣಿ ಹೊದಿಸುತ್ತಿದ್ದರು.

ತಾರಸಿಯಲ್ಲಿ ಕೆಲವು ಜಂತೆಗಳ ತುದಿಗೆ ಗೆದ್ದಲು ಹಿಡಿದಿತ್ತು. ಕೆಡವಿದ ಮನೆಗಳ ತೇಗದಲ್ಲೇ ಬದಲಿಸಿದೆ, ಹೊಸ ತೇಗದ ಅರ್ಧ ಬೆಲೆಗೂ ಕಮ್ಮಿ ಬಿತ್ತು. ನಡುವೆ ಕೆಂಪು ನೆಲದ ತೇಪೆಯನ್ನೂ ಪರೀಕ್ಷೆ ಮಾಡಿದೆ: ಬರೀ ಕೆಂಪು ಆಕ್ಸೈಡ್ ಹಾಕಿದರೆ ತೇಪೆ ಎದ್ದು ಕಾಣುತ್ತೆ, ಚೂರು ಕಪ್ಪು ಬೆರೆಸಿದರೆ ಹಳೇ ಬಣ್ಣಕ್ಕೆ ಹೊಂದುತ್ತೆ.

ಒಟ್ಟು ಖರ್ಚು ಆರು ಲಕ್ಷದ ಆಸುಪಾಸು. ಇಂಜಿನಿಯರ್ ಒಬ್ಬರು ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬಲು ಒಂಬತ್ತು ಲಕ್ಷ ಹೇಳಿದ್ದರು.

ಮೇಲೆ ಸುಣ್ಣವನ್ನೇ ಹೊಡೆಸಿ. ಪೇಂಟರ್ ಪ್ಲಾಸ್ಟಿಕ್ ಎಮಲ್ಷನ್ ಅಂತ ಒತ್ತಾಯ ಮಾಡುತ್ತಾನೆ, ಒಪ್ಪಬೇಡಿ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ತೆಳ್ಳಗೆ ಮೂರು ಕೋಟ್ ಸಾಕು.