ಕ್ರಿಸ್‌ಮಸ್ ಅಲಂಕಾರಕ್ಕೆ ಮೊದಲು ಒಂದು ಮುಷ್ಟಿ ರಾಗಿ ನೆನೆ ಹಾಕಿ

ಡಿಸೆಂಬರ್ 23ಕ್ಕೆ ಫೋನ್ ಮಾಡಿ "ಆಂಟಿ, ಸುಲಭದಲ್ಲಿ ಮನೆ ಡೆಕೊರೇಶನ್ ಹೇಗೆ ಮಾಡುದು" ಅಂತ ಕೇಳಿದ್ರೆ ನಾನು ಎಂತ ಹೇಳುದು ಮಾರಾಯ್ರೆ. ಸುಲಭವೇ, ಒಂದು ಸಂಜೆಯ ಕೆಲಸ, ಆದ್ರೆ ಹತ್ತು ಹನ್ನೆರಡು ದಿನ ಮೊದಲು ಸ್ವಲ್ಪ ಕೈ ಹಾಕಿ ಇಟ್ಟಿರ್ಬೇಕು, ಅದು ಯಾರಿಗೂ ಬೇಡ. ಕಡೇ ಗಳಿಗೆಯಲ್ಲಿ ಅಂಗಡಿಗೆ ಓಡಿ ಪ್ಲಾಸ್ಟಿಕ್ ಹುಲ್ಲಿನ ಚಾಪೆ ತರ್ತಾರೆ, ಅದರ ಮೇಲೆ ಹತ್ತಿ ಉದುರಿಸ್ತಾರೆ, ಕೇಳಿದ್ರೆ ಹಿಮ ಅಂತೆ. ಮಂಗಳೂರಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ಹಾಕಿ ಮಲಗುವವರಿಗೆ ಎಂತ ಹಿಮ? ಮತ್ತೆ ಆ ಹತ್ತಿಯ ಪಕ್ಕದಲ್ಲೇ ಕ್ಯಾಂಡಲ್ ಬೇರೆ ಹಚ್ಚಿಡ್ತಾರೆ, ಬೆಂಕಿ ಹಿಡಿದ್ರೆ ಯಾರು ನೋಡುದು.

ಗೋದಲಿಗೆ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹಸಿರು ಬೇಕಾದ್ರೆ ರಾಗಿ ಮೊಳಕೆ ಹಾಕಿ. ಇದೊಂದರಲ್ಲಿ ನಾನು ಯಾರ ಮಾತೂ ಕೇಳುದಿಲ್ಲ. ಡಿಸೆಂಬರ್ 13, ಸಂತ ಲೂಸಿಯ ಹಬ್ಬ, ಆ ರಾತ್ರಿ ಒಂದು ಮುಷ್ಟಿ ನೆನೆ ಹಾಕಿದ್ರೆ ನಮ್ಮ ಕರಾವಳಿಯ ಸೆಕೆಗೆ ಲೆಕ್ಕ ಸರಿಯಾಗ್ತದೆ, ಬೆಂಗಳೂರಿನವರು ಎರಡು ಮೂರು ದಿನ ಮೊದಲೇ ಹಾಕಿ, ಅಲ್ಲಿ ಚಳಿಗೆ ನಿಧಾನ. ರಾಗಿ ಹೊಸತಿರ್ಬೇಕು, ಡಬ್ಬದ ತಳದಲ್ಲಿ ಹುಳ ಹಿಡಿದದ್ದು ಬೇಡ. ಹುರಿದದ್ದು ಮೊಳಕೆ ಬರುದಿಲ್ಲ, ನಗ್ಬೇಡಿ, ಹುರಿದ ರಾಗಿ ಬಿತ್ತಿ ಒಂದು ವಾರ ನೀರು ಹಾಕಿದವರನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ, ಮರುದಿನಕ್ಕೆ ಬಿಳಿ ಮೂಗು ಕಾಣ್ತದೆ. ಮೂಗು ಅಷ್ಟೇ ಸಾಕು, ಬಾಲ ಉದ್ದ ಆಗುವವರೆಗೆ ಕಾದ್ರೆ ಬಿತ್ತುವಾಗ ಮುರೀತದೆ.

ತಟ್ಟೆಗೆ ಅಡಿಕೆ ಹಾಳೆಯದ್ದೇ ಒಳ್ಳೇದು, ತಳಕ್ಕೆ ಮೊಳೆಯಲ್ಲಿ ನಾಲ್ಕು ತೂತು. ಬರೀ ಕೆಂಪು ಮಣ್ಣು ಹಾಕಿದ್ರೆ ಗಟ್ಟಿಯಾಗಿ ಕೂತ್ಕೊಳ್ತದೆ, ಅದಕ್ಕೆ ತೆಂಗಿನ ನಾರಿನ ಹುಡಿ ಬೆರೆಸಿ, ಜರಡಿ ಹಿಡಿದು, ಅರ್ಧ ಬೆರಳಿನಷ್ಟು ದಪ್ಪಕ್ಕೆ ಹರಡಿ. ಮೊದಲು ಮಣ್ಣು ಒದ್ದೆ ಮಾಡಿ, ಆಮೇಲೆ ರಾಗಿ, ಇದನ್ನು ಉಲ್ಟಾ ಮಾಡಿದ್ರೆ ಕಾಳೆಲ್ಲ ನೀರಿನ ಜೊತೆ ಓಡಿ ಒಂದು ಮೂಲೆ ಸೇರಿ ಬಿಡ್ತದೆ. ಉದುರಿಸುವಾಗ ಕೈ ಹಿಡಿತದಲ್ಲಿರ್ಲಿ, ಒಂದರ ಮೈಗೆ ಒಂದು ತಾಗ್ಬೇಕು, ಒಂದರ ಮೇಲೆ ಒಂದು ಕೂರ್ಬಾರ್ದು. ಮೇಲಿಂದ ಮಣ್ಣು ಮುಚ್ಚಬೇಡಿ. ಇನ್ನೊಂದು ಹಾಳೆ ತಟ್ಟೆ ಕವುಚಿ ಎರಡು ದಿನ ಕತ್ತಲೆಯಲ್ಲಿಡಿ, ಸುಮ್ಮನೆ ಇಡಿ ಅಂದ್ರೆ ಸುಮ್ಮನೆ, ಗಂಟೆಗೊಮ್ಮೆ ತೆಗೆದು ಇಣುಕುದಲ್ಲ. ತೆಗೆದಾಗ ಎಲ್ಲ ಬೆಳ್ಳಗೆ ಹಳದಿ ಬಣ್ಣಕ್ಕೆ ಇರ್ತದೆ, ನನ್ನ ಸೊಸೆ ಮೊದಲ ಸಲ ನೋಡಿ ಸತ್ತೇ ಹೋಯ್ತು ಅಂತ ಬಿಸಾಡ್ಲಿಕ್ಕೆ ಹೊರಟಿದ್ಳು. ಕಿಟಕಿ ಹತ್ತಿರ ಇಡಿ, ಒಂದು ದಿನದಲ್ಲಿ ಹಸಿರಾಗ್ತದೆ. ಮಧ್ಯಾಹ್ನದ ಬಿಸಿಲಿಗೆ ಬೇಡ. ನೀರು ಚೊಂಬಿನಲ್ಲಿ ಸುರಿಯುದಲ್ಲ, ಬೆರಳು ಅದ್ದಿ ಚಿಮುಕಿಸುದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ. ದಿನಾ ತಟ್ಟೆಯನ್ನು ಸ್ವಲ್ಪ ತಿರುಗಿಸಿ ಇಡಿ, ಇಲ್ಲದಿದ್ರೆ ಎಲ್ಲ ಕಿಟಕಿ ಕಡೆಗೇ ವಾಲ್ತದೆ. 24ಕ್ಕೆ ಎರಡು ಬೆರಳು ಎತ್ತರದ ಹುಲ್ಲು, ಮಗುವಿನ ತಲೆಕೂದಲ ಹಾಗೆ ಮೆತ್ತಗೆ. ಸಾಸಿವೆ ಬೇಗ ಬರ್ತದೆ ಹೌದು, ಆದ್ರೆ ಉದ್ದ ಬೆಳೆದು ಮಲಗಿ ಬಿಡ್ತದೆ, ತಡ ಮಾಡಿದವರಿಗೆ ಅದೇ ಗತಿ.

ನಮ್ಮ ಅಜ್ಜಿ ರಾಗಿ ಅಲ್ಲ, ಭತ್ತ ಹಾಕ್ತಿದ್ದದ್ದು, ಗದ್ದೆ ಇದ್ದ ಮನೆ ಅಲ್ವಾ. ನಾವು ಮಕ್ಕಳು ಶಾಲೆಯಿಂದ ಬಂದ ಕೂಡ್ಲೆ ಬೆಂಕಿಕಡ್ಡಿ ಇಟ್ಟು ಯಾರ ತಟ್ಟೆಯದ್ದು ಎತ್ತರ ಅಂತ ಅಳೆಯುದು. ನನ್ನ ಅಕ್ಕ ಕದ್ದು ತನ್ನದಕ್ಕೆ ಸಕ್ಕರೆ ನೀರು ಹಾಕಿದ್ಳು ಬೇಗ ಬೆಳೀಲಿ ಅಂತ, ಇರುವೆ ಬಂದು ಅವಳ ತಟ್ಟೆ ಪೂರ್ತಿ ಹೊರಗೆ ಇಡ್ಬೇಕಾಯ್ತು.

ಇಷ್ಟಾದ್ರೆ ಉಳಿದದ್ದು ಎಂತ ಉಂಟು. ಗೋದಲಿಗೆ ಒಂದು ರಟ್ಟಿನ ಡಬ್ಬ, ಮೇಲೆ ಮುಳಿಹುಲ್ಲು, ಒಳಗೆ ಬೈಹುಲ್ಲು, ಗುಡ್ಡಕ್ಕೆ ಮುದ್ದೆ ಮಾಡಿ ಬಿಡಿಸಿದ ಬ್ರೌನ್ ಪೇಪರ್. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ಅಲ್ಲಿ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ಈಗ ಅದ್ರಲ್ಲಿ ಪ್ಲಾಸ್ಟಿಕ್ ಡೈನೋಸಾರ್ ಕೂಡ ನಿಲ್ಲಿಸ್ತಾರೆ. ಮತ್ತೆ ಬಾಲಯೇಸುವನ್ನು ಮೊದಲೇ ಮಲಗಿಸಿ ಬಿಡ್ತಾರಲ್ಲ, ಅದು ನೋಡಿದ್ರೆ ನನಗೆ ಮೈ ಉರೀತದೆ, 24ರ ರಾತ್ರಿ ಚರ್ಚಿನ ಬಲಿಪೂಜೆ ಮುಗಿಸಿ ಬಂದು ಮನೆಯ ಸಣ್ಣ ಮಗುವಿನ ಕೈಯಲ್ಲಿ ಇಡಿಸ್ಬೇಕು, ಅಲ್ಲಿವರೆಗೆ ಜಾಗ ಖಾಲಿ. ಬಾಲಯೇಸುವನ್ನು ನೋಡ್ಲಿಕ್ಕೆ ಬರುವ ಮೂರು ರಾಜರ ಗೊಂಬೆಗಳನ್ನು ಶೋಕೇಸಿನ ಆ ತುದಿಯಲ್ಲಿಡಿ, ಅವರು ತಲುಪುದು ಜನವರಿ 6ಕ್ಕೆ.

ಸ್ಟಾರ್ ಮನೆಯಲ್ಲೇ ಮಾಡ್ಲಿಕ್ಕೆ ಹತ್ತು ಉದ್ದ ಬಿದಿರಿನ ಕಡ್ಡಿ, ಐದು ಗಿಡ್ಡದ್ದು ಸಾಕು, ಉದ್ದದ್ದು ಐದೈದರಲ್ಲಿ ಎರಡು ನಕ್ಷತ್ರ ಕಟ್ಟಿ, ತುದಿಗಳನ್ನು ಜೋಡಿಸಿ, ನಡುವಿನ ಐದು ಸಂದಿಗೆ ಗಿಡ್ಡ ಕಡ್ಡಿ ಕೊಟ್ರೆ ಹೊಟ್ಟೆ ಉಬ್ಬುತ್ತದೆ. ಗೂಡುದೀಪ ಮಾಡಿ ಗೊತ್ತಿದ್ದವರಿಗೆ ಇದು ಹೇಳಿ ಕೊಡುದೇ ಬೇಡ. ಕಾಗದಕ್ಕೆ ಮೈದಾ ಅಂಟು. ಒಳಗೆ ಸಣ್ಣ ಎಲ್‌ಇಡಿ ಬಲ್ಬ್ ಮಾತ್ರ, ಹಳೇ 40 ವ್ಯಾಟಿನದ್ದು ಹಾಕಿದ್ರೆ ಕಾಗದ ಸುಡ್ತದೆ. ಟ್ರೀಗೆ ಗಾಳಿ ಮರದ ಒಂದು ಗೆಲ್ಲು, ಮರಳು ತುಂಬಿದ ಬಕೆಟಿಗೆ ಊರಿ ಬಕೆಟಿಗೆ ಹಳೇ ಸೀರೆ ಸುತ್ತಿ. ರಾಗಿ ಉಳಿದ್ರೆ ಗೆರಟೆಯಲ್ಲೂ ಬಿತ್ತಿ, ಊಟದ ಮೇಜಿನ ಮೇಲೆ ಸಾಲಾಗಿ ಇಟ್ರೆ ನೆಂಟರು ಮುಟ್ಟಿ ಮುಟ್ಟಿ ನೋಡ್ತಾರೆ, ಬೇರೆ ಹೂ ಬೇಡವೇ ಬೇಡ.

ಮೇಜಿನ ಬಟ್ಟೆಗೆ ಕ್ಯಾಂಡಲಿನ ಮೇಣ ಬಿದ್ರೆ ಬಿಸಿನೀರಲ್ಲಿ ಉಜ್ಜಬೇಡಿ, ಇನ್ನೂ ಹರಡ್ತದೆ. ಐಸ್ ಇಟ್ಟು ಗಟ್ಟಿ ಮಾಡಿ ಉಗುರಲ್ಲಿ ಎಬ್ಬಿಸಿ, ಉಳಿದದ್ದಕ್ಕೆ ಮೇಲೆ ಕೆಳಗೆ ಖಾಲಿ ಕಾಗದ ಇಟ್ಟು ಇಸ್ತ್ರಿ ಎಳೆದ್ರೆ ಕಾಗದವೇ ಕುಡೀತದೆ. ಪೇಪರಿನ ಶಾಯಿ ಹತ್ತಿದ್ರೆ ನನ್ನನ್ನು ಬೈಬೇಡಿ, ಖಾಲಿ ಕಾಗದ ಅಂತ ಹೇಳಿದ್ದೇನೆ.

ರಾಜರ ಹಬ್ಬ ಮುಗಿದ ಮೇಲೆ ಹುಲ್ಲು ದನಕ್ಕೆ ಹಾಕಿ, ಹಾಳೆ ತಟ್ಟೆ ಮಣ್ಣು ಸಮೇತ ತೆಂಗಿನ ಬುಡಕ್ಕೆ. ಸೀರಿಯಲ್ ಲೈಟಿನ ಸೆಟ್ ಮಾತ್ರ ಉಂಡೆ ಮಾಡಿ ಡಬ್ಬಕ್ಕೆ ತುರುಕಬೇಡಿ, ಒಂದು ರಟ್ಟಿಗೆ ಸುತ್ತಿ ಇಡಿ, ಮುಂದಿನ ವರ್ಷ ಗಂಟು ಬಿಡಿಸ್ಲಿಕ್ಕೆ ನಾನು ಬರುದಿಲ್ಲ.