20 ಅಂದರೆ ಯಾವ 20?

ಅರ್ಧ ಇಂಚಿನ ಕಬ್ಬಿಣದ ಪೈಪು ತಗೊಂಡು ಅದರಲ್ಲಿ ಅರ್ಧ ಇಂಚು ಎಲ್ಲಿದೆ ಅಂತ ಸ್ಕೇಲ್ ಹಿಡಿದು ಹುಡುಕಿ ನೋಡಿ. ಎಲ್ಲೂ ಸಿಗುವುದಿಲ್ಲ. ಹೊರಗಿನ ಅಡ್ಡಳತೆ 21.3 ಎಂಎಂ, ಒಳಗಿನದು 16ರ ಆಸುಪಾಸು. ಅರ್ಧ ಇಂಚು ಅಂದರೆ ಬರೀ 12.7. ಹಿಂದೆ ಪೈಪಿನ ಗೋಡೆ ದಪ್ಪ ಇತ್ತು, ಒಳಗಿನ ತೂತು ಅರ್ಧ ಇಂಚಿನ ಹತ್ತಿರ ಇತ್ತು. ಆಮೇಲೆ ಗೋಡೆ ತೆಳುವಾಯಿತು. ಹಳೇ ಫಿಟ್ಟಿಂಗುಗಳು ಕೂರಬೇಕಲ್ವಾ, ಹೊರಗಿನ ಅಳತೆಯನ್ನು ಹಾಗೇ ಬಿಟ್ಟರು. ಹೆಸರೂ ಹಾಗೇ ಉಳಿಯಿತು.

ಎಂಎಂನಲ್ಲಿ ಕೇಳಿದರೆ ಈ ಗೊಂದಲ ಇರಲ್ಲ ಅಂದುಕೊಂಡರೆ ಅದೂ ತಪ್ಪು. ಜಿಐ (ಸತು ಲೇಪಿಸಿದ ಕಬ್ಬಿಣ) ಮತ್ತು ಸಿಪಿವಿಸಿ (ಬಿಸಿನೀರಿಗೂ ಆಗುವ ಪ್ಲಾಸ್ಟಿಕ್) ಪೈಪಿನಲ್ಲಿ 20 ಎಂಎಂ ಅಂದರೆ ಮುಕ್ಕಾಲು ಇಂಚಿಗೆ ಇನ್ನೊಂದು ಹೆಸರು. ಪಿಪಿಆರ್, ಎಚ್‌ಡಿಪಿಇ, ಮೆಟ್ರಿಕ್ (ಎಂಎಂ ಲೆಕ್ಕದ) ಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳಲ್ಲಿ 20 ಅಂದರೆ ಹೊರಗಿನ ನಿಜವಾದ ಅಳತೆ, ಅದು ಅರ್ಧ ಇಂಚಿನ ಲೈನಿಗೆ ಹಾಕುವ ಪೈಪು. ಅದಕ್ಕೇ ಸುಮ್ನೆ "20 ಕೊಡಿ" ಅನ್ನಬೇಡಿ. ಬಿಚ್ಚಿದ ತುಂಡನ್ನೇ ಜೊತೆಗೆ ಒಯ್ಯಿರಿ.

ಇದನ್ನು ನಾನು ಕಲಿತದ್ದು ಅಡುಗೆಮನೆಯ ಸಿಂಕಿನ ಕೆಳಗೆ. 20 ಎಂಎಂ ಪಿವಿಸಿ ಪೈಪನ್ನು ಇಂಚಿನ ಲೆಕ್ಕದ ಅರ್ಧ ಇಂಚು ಎಲ್ಬೋಗೆ (ಪೈಪು ತಿರುಗುವ ಕಡೆ ಹಾಕುವ ಮೂಲೆ ತುಂಡು) ತೂರಿಸಿದೆ. ಸಲೀಸಾಗಿ ಒಳಗೆ ಹೋಯಿತು. ಅಷ್ಟು ಸಲೀಸಾಗಿ ಹೋದಾಗಲೇ ಅನುಮಾನ ಬರಬೇಕಿತ್ತು! ಆ ಎಲ್ಬೋ ಇರುವುದು 21.3 ಎಂಎಂ ಪೈಪಿಗೆ. ಪಿವಿಸಿ ಜೋಡಿಸುವ ಸೊಲ್ಯೂಷನ್ ಜಾಸ್ತಿ ಬಳಿದರೆ ಸಂದು ತುಂಬಿಕೊಳ್ಳುತ್ತೆ ಅಂತ ಧಾರಾಳವಾಗಿ ಬಳಿದೆ. ಸಂಜೆಯವರೆಗೆ ಒಂದು ಹನಿಯೂ ಇಲ್ಲ. ರಾತ್ರಿ ಮನೆಯ ನಲ್ಲಿಗಳೆಲ್ಲ ನಿಂತ ಮೇಲೆ ಲೈನಿನಲ್ಲಿ ಪ್ರೆಶರ್ ಏರಿತು, ಎಲ್ಬೋ ಕಳಚಿ ಬಿತ್ತು. ಬೆಳಿಗ್ಗೆ ನೋಡಿದರೆ ಒಣಗಿದ ಸೊಲ್ಯೂಷನ್ ಪೈಪಿನ ತುದಿಯಲ್ಲಿ ಬಳೆಯ ಹಾಗೆ ಕೂತಿತ್ತು. ಸೊಲ್ಯೂಷನ್ ಸಂದು ತುಂಬುವ ಅಂಟಲ್ಲ, ಎರಡೂ ಪ್ಲಾಸ್ಟಿಕ್ಕನ್ನು ಮೆದು ಮಾಡಿ ಒಂದಕ್ಕೊಂದು ಬೆಸೆಯುತ್ತದೆ. ಬೆಸೆಯಬೇಕಾದರೆ ಅವೆರಡೂ ಒತ್ತಿಕೊಂಡಿರಬೇಕು. ಒಣ ಪೈಪನ್ನು ತೂರಿಸಿದಾಗ ಅರ್ಧ ದಾರಿಯ ಹತ್ತಿರ ಬಿಗಿಯಾಗಿ ನಿಲ್ಲಬೇಕು.

ವರ್ನಿಯರ್ (ಅಡ್ಡಳತೆ ಅಳೆಯುವ ಸಾಧನ) ಇಲ್ಲದಿದ್ದರೆ ಹೊಲಿಗೆ ದಾರ ಸಾಕು. ಪೈಪಿನ ಸುತ್ತ ಒಂದು ಸುತ್ತು ಸುತ್ತಿ, ಗುರುತು ಹಾಕಿ, ಬಿಡಿಸಿ ಅಳೆಯಿರಿ. 63 ಎಂಎಂ ಬಂದರೆ ಅದು 20ರ ಪೈಪು. 67 ಬಂದರೆ ಇಂಚಿನ ಲೆಕ್ಕದ ಅರ್ಧ ಇಂಚು. ಅಡ್ಡಳತೆಯಲ್ಲಿ ಕಣ್ಣಿಗೆ ಕಾಣದ ವ್ಯತ್ಯಾಸ ದಾರದಲ್ಲಿ ಚೆನ್ನಾಗಿ ಕಾಣುತ್ತದೆ.

ಪೈಪನ್ನು ಬೆಂಕಿಗೆ ಹಿಡಿದು ಬಾಯಿ ಅಗಲ ಮಾಡಿ ತೂರಿಸುವವರಿದ್ದಾರೆ. ಬೇಡ. ಹಿಗ್ಗಿದ ಕಡೆ ಗೋಡೆ ತೆಳುವಾಗುತ್ತದೆ, ಮುಂದೆ ಅಲ್ಲೇ ಸೀಳುತ್ತದೆ.

ಹಾಗಾದರೆ ಎರಡು ಜಾತಿಯ ಪೈಪು ಸೇರಿಸುವುದು ಹೇಗೆ? ಥ್ರೆಡ್ಡಿನಲ್ಲಿ, ಅಂದರೆ ತಿರುಪಿನ ಸುತ್ತಿನಲ್ಲಿ. ಮೆಟ್ರಿಕ್ ಪೈಪಿನ ಥ್ರೆಡ್ ಅಡಾಪ್ಟರಿನಲ್ಲೂ ಥ್ರೆಡ್ ಮಾತ್ರ ಇಂಚಿನದೇ ಇರುತ್ತದೆ. ಈ ಕಡೆ 20 ಎಂಎಂಗೆ ಅಂಟಿಸುವ ಅರ್ಧ ಇಂಚಿನ ಅಡಾಪ್ಟರ್, ಆ ಕಡೆ ಹಳೇ ಪೈಪಿನ ಜಾತಿಯ ಅಡಾಪ್ಟರ್, ನಡುವೆ ಟೆಫ್ಲಾನ್ ಟೇಪು. ಒಂದು ಕಡೆ ಕಬ್ಬಿಣ, ಒಂದು ಕಡೆ ಪ್ಲಾಸ್ಟಿಕ್ ಇದ್ದರೆ ಪ್ಲಾಸ್ಟಿಕ್ಕಿನದು ಒಳಗೆ ಹೋಗುವ ಹಾಗೆ ಇರಲಿ. ಕಬ್ಬಿಣವನ್ನು ಪ್ಲಾಸ್ಟಿಕ್ಕಿನೊಳಗೆ ತಿರುಗಿಸಿ ಬಿಗಿ ಮಾಡಿದರೆ ಅದು ಬೆಣೆ ಹೊಡೆದ ಹಾಗೆ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಹಿತ್ತಾಳೆ ಥ್ರೆಡ್ ಕೂರಿಸಿದ ಫಿಟ್ಟಿಂಗ್ ತಗೊಳ್ಳಿ.

ಥ್ರೆಡ್ಡಿನಲ್ಲೂ ಒಂದು ಮೋಸ ಇದೆ. ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ ಒಂದು, ಅಮೆರಿಕದ ಎನ್‌ಪಿಟಿ ಇನ್ನೊಂದು. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಒಂದರೊಳಗೊಂದು ಹೋಗುತ್ತವೆ. ಆದರೆ ಹಲ್ಲಿನ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಎಷ್ಟು ಬಿಗಿ ಮಾಡಿದರೂ ಜಿನುಗುವ ಜಾಯಿಂಟು ಸಿಕ್ಕರೆ ಇನ್ನೂ ಬಲ ಹಾಕಬೇಡಿ, ಬಿಚ್ಚಿ ಮೈಮೇಲಿನ ಅಕ್ಷರ ಓದಿ. ಒಂದು ಇಂಚಿನ ಪೈಪಿನಲ್ಲಾದರೆ ಇಂಚಿಗೆ ಒಂದರಲ್ಲಿ 11, ಇನ್ನೊಂದರಲ್ಲಿ ಹನ್ನೊಂದೂವರೆ ಸುತ್ತು, ಅಲ್ಲಿ ಬೇಗನೇ ಕಚ್ಚಿಕೊಂಡು ತಾನೇ ಹೇಳಿಬಿಡುತ್ತದೆ.

ಇಂಥ ಜಾಯಿಂಟನ್ನು ಗೋಡೆಯೊಳಗೆ ಮುಚ್ಚಬೇಡಿ. ಕೆಲಸ ಮುಗಿದ ಮೇಲೆ ಅದರ ಕೆಳಗೆ ಒಣ ಪೇಪರ್ ಹಾಸಿ ಮಲಗಿ. ಬೆಳಿಗ್ಗೆ ಪೇಪರಿನ ಮೇಲೆ ಒಂದು ಹನಿ ಕಲೆ ಇದ್ದರೂ ಬಿಚ್ಚಿ, ಹೊಸ ಟೇಪು ಸುತ್ತಿ.